ಮೂರು ಪಟ್ಟಿ ವಿಭೂತಿ, ಹನ್ನೆರಡು ವೋಲ್ಟು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಹುಡುಕಿಕೊಂಡು ರಾಯದುರ್ಗಕ್ಕೆ ಬಂದರೆ ಮೊದಲು ಕೇಳುವುದು ಯಾವ ಕ್ಯಾಮೆರಾ ಒಳ್ಳೆಯದು ಎಂದು. ಯಾವುದಾದರೂ ಒಳ್ಳೆಯದೇ ಕಣ್ರಪ್ಪಾ. ಕೇಳಬೇಕಾದ್ದು ಬ್ಯಾಟರಿಯ ವಿಷಯ. ಕರೆಂಟಿನ ಕಂಬವೇ ಇಲ್ಲದ ಗುಡ್ಡದ ಮೇಲೆ ಕ್ಯಾಮೆರಾ ವರ್ಷವಿಡೀ ಒಂಟಿಯಾಗಿ ನಿಂತು, ಒಂದೇ ಜಾಗದಿಂದ ಒಂದೇ ನೋಟವನ್ನು ದಿನಕ್ಕೆ ಹತ್ತಾರು ಸಲ ತೆಗೆಯುತ್ತಿರಬೇಕು. ಆಮೇಲೆ ಆ ಫೋಟೋಗಳನ್ನೆಲ್ಲ ಜೋಡಿಸಿ ಓಡಿಸಿದರೆ ವರ್ಷವೊಂದು ಎರಡು ನಿಮಿಷದಲ್ಲಿ ಕಣ್ಣ ಮುಂದೆ ಹಾದುಹೋಗುತ್ತದೆ. ಕೆರೆ ತುಂಬಿ ಬತ್ತುವುದು, ಗುಡ್ಡ ಹಸಿರಾಗಿ ಒಣಗುವುದು ಎಲ್ಲ ಕಾಣುತ್ತದೆ. ಇದೇ ಟೈಮ್‌ಲ್ಯಾಪ್ಸ್. ನೋಡಿದವರು ಕ್ಯಾಮೆರಾವನ್ನು ಹೊಗಳುತ್ತಾರೆ. ಬ್ಯಾಟರಿ ಹೊತ್ತವನ ಹೆಗಲು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಮೊದಲು ರಾಯದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ನನ್ನ ಸ್ಟುಡಿಯೋಗೆ ನೊಣ ಕೂಡ ಬರಲಿಲ್ಲ. ಆಗ ಕೆರೆ, ಗುಡ್ಡ, ಹುಲ್ಲುಗಾವಲುಗಳ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯೊಂದು ಫೋಟೋ ಗೊತ್ತಿರುವ, ಗುಡ್ಡ ಹತ್ತಬಲ್ಲ ಮನುಷ್ಯನನ್ನು ಹುಡುಕುತ್ತಿತ್ತು. ಫೋಟೋ ಗೊತ್ತಿತ್ತು. ಗುಡ್ಡದ ವಿಷಯದಲ್ಲಿ ಸುಳ್ಳು ಹೇಳಿದೆ. ಅಲ್ಲಿ ನಮ್ಮ ಮೇಲಧಿಕಾರಿ ಒಬ್ಬ ಮೇಡಂ. ತುಂಬಾ ಓದಿದವರು, ತೆಲುಗಿನವರು, ಕನ್ನಡ ಅರ್ಥವಾಗುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಮಾತಾಡಲೂ ಬರುತ್ತಿತ್ತು. ನಿವೃತ್ತಿಯವರೆಗೂ ಅವರ ಕೈಕೆಳಗೇ ದುಡಿದೆ.

ಮೊದಲ ಕ್ಯಾಮೆರಾ ಇಟ್ಟದ್ದು ಮಡಕಶಿರದ ಕಡೆ, ಗುಡಿಬಂಡೆ ಹತ್ತಿರದ ಒಂದು ಕೆರೆಯ ಏರಿ ಮೇಲೆ. ಆಗ ಸೋಲಾರ್ ತಟ್ಟೆ ಇರಲಿಲ್ಲ, ಬರೀ ಬ್ಯಾಟರಿ. ಮೇಡಂ ಆಫೀಸಿನ ಫ್ಯಾನಿನ ಕೆಳಗೆ ಕುಳಿತು ಕಾಗದದ ಮೇಲೆ ಲೆಕ್ಕ ಹಾಕಿ, ಈ ಬ್ಯಾಟರಿ ನಲವತ್ತು ದಿನ ಬರುತ್ತದೆ ಎಂದರು. ಬಂದದ್ದು ನಾಲ್ಕು ದಿನ. ಸೊನ್ನೆ ಎಲ್ಲಿ ಬಿತ್ತು ಎಂದು ಇಬ್ಬರೂ ಏರಿ ಮೇಲೆ ಕುಳಿತು ಹುಡುಕಿದೆವು. ಕ್ಯಾಮೆರಾ ಒಂದು ಫೋಟೋ ತೆಗೆಯಲು ತಿನ್ನುವ ಕರೆಂಟು ಒಂದು ಚಿಟಿಕೆ. ಆದರೆ ತೆಗೆದ ಮೇಲೆ ಪ್ರತಿ ಸಲವೂ ಹಿಂದಿನ ಪರದೆ ಬೆಳಗಿಸಿ, ನೋಡಿ, ಹೇಗೆ ಬಂದಿದೆ ಎಂದು ತೋರಿಸುತ್ತಿತ್ತು. ನೋಡುವವರು ಯಾರು? ಏರಿಯ ಮೇಲಿದ್ದ ಎರಡು ಕೊಕ್ಕರೆ. ಅದು ಸಾಲದೆಂದು ಎರಡು ಫೋಟೋಗಳ ನಡುವಿನ ಅರ್ಧ ಗಂಟೆಯೂ ನಿದ್ದೆ ಮಾಡದೆ ಎಚ್ಚರವಾಗಿಯೇ ಕೂತಿರುತ್ತಿತ್ತು.

ಪರದೆ ಆರಿಸಿದೆವು. ಫೋಕಸ್ಸನ್ನು ಒಮ್ಮೆ ಕೈಯಲ್ಲಿ ಹೊಂದಿಸಿ ತಿರುಗದಂತೆ ಅಂಟು ಹಚ್ಚಿದೆವು. ಕತ್ತಲಾದ ಮೇಲೆ ತೆಗೆಯಬೇಡ, ನಡುವೆ ಪೂರ್ತಿ ಮಲಗು ಎಂದು ಟೈಮರಿಗೆ ಕಲಿಸಿದೆವು. ನಾಲ್ಕಿದ್ದದ್ದು ಹತ್ತೊಂಬತ್ತಾಯಿತು. ಮೇಡಂ ಆ ಕಾಗದವನ್ನು ಹರಿದು ಹಾಕಿದರು, ನಾನು ಮಾತ್ರ ಮರೆಯಲಿಲ್ಲ. ಮುಂದೆ ಅವರು ಯಾವ ಲೆಕ್ಕ ಹೇಳಿದರೂ ನಾನು ಮೆಲ್ಲಗೆ, ಇದು ನಲವತ್ತು ದಿನದ ಲೆಕ್ಕವೋ ನಾಲ್ಕು ದಿನದ್ದೋ ಎಂದು ಕೇಳುತ್ತಿದ್ದೆ. ನಕ್ಕುಬಿಡುತ್ತಿದ್ದರು. ಅಂಥ ಮೇಲಧಿಕಾರಿ ಸಿಗುವುದಕ್ಕೂ ಪುಣ್ಯ ಬೇಕು.

ಅಲ್ಲಿಯೇ ಇನ್ನೊಂದು ಪಾಠವಾಯಿತು. ಕಬ್ಬಿಣದ ಪೆಟ್ಟಿಗೆಯಲ್ಲಿ ಬ್ಯಾಟರಿ ಇಟ್ಟು, ಕಳ್ಳರ ಕಣ್ಣಿಗೆ ಬೀಳದಿರಲಿ ಎಂದು ನಾನೇ ಕರಿ ಬಣ್ಣ ಬಳಿದೆ. ಬೇಸಿಗೆಯಲ್ಲಿ ಆ ಪೆಟ್ಟಿಗೆಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಸತ್ತಿತು. ಪಕ್ಕದ ತೋಟದ ಅಜ್ಜಿಯೊಬ್ಬಳು ದಿನವೂ ನಮ್ಮ ಒದ್ದಾಟ ನೋಡುತ್ತಿದ್ದಳು. ಮೂರನೆಯ ಬ್ಯಾಟರಿ ಹೊತ್ತು ತಂದ ದಿನ ತಡೆಯಲಾರದೆ ಹತ್ತಿರ ಬಂದಳು.

"ಅದ್ನ ಬಿಸ್ಲಾಗ್ ಯಾಕ್ ಸುಡ್ತೀರ ಸಾಮಿ? ರಾಗಿನೇ ನಾವು ಹಗೇವ್ನಾಗೆ ಇಕ್ತಿದ್ವಿ. ಮಣ್ಣಾಗೆ ತಣ್ಣಗಿರ್ತೈತೆ, ಇಕ್ಕಿ" ಎಂದಳು.

ಹಗೇವು ಎಂದರೆ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದ ನೆಲದೊಳಗಿನ ಗುಂಡಿ. ಮೊಣಕಾಲುದ್ದ ತೋಡಿ, ಇಟ್ಟಿಗೆ ಕಟ್ಟಿ, ಬ್ಯಾಟರಿಯನ್ನು ಒಳಗಿಟ್ಟು, ಮೇಲೆ ಒಡೆದ ಬಾನಿ ಮುಚ್ಚಿ, ಗಾಳಿಗೂ ತಂತಿಗೂ ಸಂದು ಬಿಟ್ಟು, ಮಳೆನೀರು ಇಳಿಯದಂತೆ ಸುತ್ತ ಮಣ್ಣು ಏರಿಸಿದೆವು. ಆ ಬ್ಯಾಟರಿ ಎರಡು ಬೇಸಿಗೆ ದಾಟಿತು. ಮೇಡಂ ಇದನ್ನು ವರದಿಯಲ್ಲಿ ಭೂಗತ ಶೀತಲ ವ್ಯವಸ್ಥೆ ಎಂದು ಬರೆದರು. ಅಜ್ಜಿಗೆ ಓದಿ ಹೇಳಿದಾಗ, ಗುಂಡಿಗೆ ಇಷ್ಟು ದೊಡ್ಡ ಹೆಸರಾ ಎಂದು ಬಾಯಿಗೆ ಸೆರಗು ಮುಚ್ಚಿಕೊಂಡಳು.

ಇಷ್ಟೆಲ್ಲ ಕಲಿತವನು ನಾನು. ಬ್ಯಾಟರಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಕೊಬ್ಬು ಬಂದಿತ್ತು. ಆ ಕೊಬ್ಬು ಇಳಿದದ್ದು ಗುಮ್ಮಘಟ್ಟದ ಆಚೆಯ ಗುಡ್ಡದಲ್ಲಿ.

ಆ ಗುಡ್ಡದಲ್ಲಿ ಒಂದು ಊರಿನ ಕುರಿಗಳೆಲ್ಲ ಮೇಯುತ್ತಿದ್ದವು. ಕುರಿ ಮೇದರೆ ಹುಲ್ಲು ಮತ್ತೆ ಚಿಗುರುವುದಿಲ್ಲ, ಗುಡ್ಡವನ್ನು ಮೂರು ವರ್ಷ ಮುಚ್ಚಬೇಕು ಎಂದು ಕೆಲವು ಅಧಿಕಾರಿಗಳ ವಾದ. ಮಳೆ ಬಂದರೆ ತಾನೇ ಚಿಗುರುತ್ತದೆ ಎಂದು ಕುರಿಯವರ ವಾದ. ಸುಮ್ಮನೆ ವಾದ ಯಾಕೆ, ವರ್ಷವಿಡೀ ಫೋಟೋ ತೆಗೆದು ನೋಡೋಣ ಎಂದು ನಮ್ಮ ಮೇಡಂ ನಡುವೆ ನಿಂತರು. ಆ ಫೋಟೋಗಳ ಮೇಲೆ ತೀರ್ಮಾನ. ಗುಡ್ಡ ಮುಚ್ಚಿದರೆ ಕುರಿಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗುವುದೆಂದು ಯಾರಿಗೂ ಗೊತ್ತಿರಲಿಲ್ಲ. ಅವರಲ್ಲಿ ದೊಡ್ಡ ಹಿಂಡಿನವನು ಹೊನ್ನೂರಪ್ಪ. ನನ್ನದೇ ವಯಸ್ಸಿನವನು, ಮಾತು ಕಮ್ಮಿ, ಮೀಸೆಯೊಳಗೇ ನಗುವ ಜಾತಿ.

ಆಷಾಢದಲ್ಲಿ ಒಂದು ಬಂಡೆಯ ಮೇಲೆ ಕಂಬ ನಿಲ್ಲಿಸಿ ಕ್ಯಾಮೆರಾ ಕಟ್ಟಿದೆ. ಅಷ್ಟರಲ್ಲಿ ಸೋಲಾರ್ ತಟ್ಟೆ ಬಂದಿತ್ತು. ಮಕ್ಕಳ ಸ್ಲೇಟಿನಷ್ಟು ಸಣ್ಣ ತಟ್ಟೆಯನ್ನು ದಕ್ಷಿಣಕ್ಕೆ ಮುಖ ಮಾಡಿ ಕೈಗೆಟುಕುವ ಎತ್ತರದಲ್ಲಿ ಕೂಡಿಸಿ, ತಟ್ಟೆ ಇದೆಯಲ್ಲ ಎಂದು ಮೊದಲಿನದಕ್ಕಿಂತ ಸಣ್ಣ ಬ್ಯಾಟರಿಯನ್ನು ಹಗೇವಿನಲ್ಲಿ ಇಟ್ಟೆ. ಬೇವಿನ ಒಂದು ರೆಂಬೆಯ ನೆರಳು ಸಂಜೆ ತಟ್ಟೆಯ ಮೂಲೆಗೆ ಬೀಳುತ್ತಿತ್ತು, ಅದನ್ನೂ ಕಡಿಸಿದೆ. ಮೂರು ತಿಂಗಳು ಗಡಿಯಾರದ ಹಾಗೆ ನಡೆಯಿತು. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ತಟ್ಟೆ ಒರೆಸಿ, ಫೋಟೋ ಇಳಿಸಿಕೊಂಡು, ಷೇರ್ ಆಟೋದಲ್ಲಿ ಕಾಲು ಚಾಚಿ ವಾಪಸು ಬರುತ್ತಿದ್ದೆ.

ಆಯುಧಪೂಜೆ ಬಂತು. ಅನ್ನ ಕೊಡುವ ಯಂತ್ರಕ್ಕೆ ಪೂಜೆ ತಪ್ಪಿಸಬಾರದು ಎಂದು ಮನೆಯಾಕೆ ವಿಭೂತಿ ಗಟ್ಟಿ, ಕುಂಕುಮ, ಚೆಂಡುಹೂವಿನ ಹಾರ ಕಟ್ಟಿಕೊಟ್ಟಳು. ನಮ್ಮದು ಶಿವಭಕ್ತರ ಮನೆ, ತಕ್ಕಡಿಯಿಂದ ಹಿಡಿದು ಸ್ಕೂಟರಿನವರೆಗೆ ಯಾವುದಕ್ಕೂ ಹಣೆ ಬರಿದಾಗಿರಬಾರದು. ಗುಡ್ಡ ಹತ್ತಿದೆ. ಕ್ಯಾಮೆರಾದ ಗಾಜಿಗೆ ಹಚ್ಚಿದರೆ ಫೋಟೋ ಕೆಡುತ್ತದೆ ಎಂಬ ಬುದ್ಧಿ ನನಗಿತ್ತು. ನೋಡಿ, ಅಷ್ಟು ಬುದ್ಧಿವಂತ. ಸೋಲಾರ್ ತಟ್ಟೆ ಅಗಲವಾಗಿ, ನುಣ್ಣಗೆ, ಹಣೆಯ ಹಾಗೇ ಇತ್ತು. ಮೂರು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ದಪ್ಪಗೆ ಮೂರು ಪಟ್ಟಿ ಎಳೆದು, ನಡುವೆ ಕುಂಕುಮವಿಟ್ಟು, ಹಾರ ಹಾಕಿ ಕಾಯಿ ಒಡೆದೆ. ಹೊನ್ನೂರಪ್ಪನಿಗೂ ಒಂದು ಹೋಳು ಕೊಟ್ಟೆ. ಅವನು ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಕೊಬ್ಬರಿ ಅಗಿದ.

ಮುಂದಿನ ಸಲ ಹೋದಾಗ ಕ್ಯಾಮೆರಾ ಸತ್ತಿತ್ತು. ಬ್ಯಾಟರಿ ಪೂರ್ತಿ ಖಾಲಿ. ಮೋಡದ ದಿನಗಳು, ಇರಲಿ ಎಂದುಕೊಂಡು, ಚಾರ್ಜು ತುಂಬಿದ ಇನ್ನೊಂದು ಬ್ಯಾಟರಿಯನ್ನು ಕುರಿಮರಿಯ ಹಾಗೆ ಹೆಗಲ ಮೇಲೆ ಹೊತ್ತು ತಂದು ಜೋಡಿಸಿದೆ. ಅದೂ ನಾಲ್ಕನೆಯ ದಿನಕ್ಕೆ ನಿಂತಿತು. ವೈರು ಬದಲಾಯಿಸಿದೆ, ಚಾರ್ಜು ನಡೆಸುವ ಪೆಟ್ಟಿಗೆ ಬದಲಾಯಿಸಿದೆ. ಊಹೂಂ. ವಾರಕ್ಕೊಂದು ಸಲ, ಸೋಮವಾರ, ಬ್ಯಾಟರಿ ಹೊತ್ತು ಹತ್ತುವುದೇ ಕೆಲಸವಾಯಿತು. ಅಷ್ಟರಲ್ಲಿ ಕಾರ್ತಿಕ ಬಂತು. ಕಾರ್ತಿಕ ಸೋಮವಾರ, ಅದೂ ಕಷ್ಟಕಾಲ. ಹಳೆಯ ಪಟ್ಟಿಗಳು ಇಬ್ಬನಿಗೆ ಮಾಸಿದ್ದವು. ಶಿವನೇ, ಈ ಬ್ಯಾಟರಿ ಉಳಿಸಪ್ಪಾ ಎಂದು ಬೇಡಿಕೊಂಡು ಅದರ ಮೇಲೇ ಹೊಸದಾಗಿ, ಮೊದಲಿಗಿಂತ ದಪ್ಪಗೆ ಎಳೆದೆ. ಪ್ರತಿ ಸೋಮವಾರವೂ ಎಳೆದೆ. ಬ್ಯಾಟರಿ ಎಷ್ಟು ಬೇಗ ಸಾಯುತ್ತಿತ್ತೋ ನನ್ನ ಭಕ್ತಿ ಅಷ್ಟು ಏರುತ್ತಿತ್ತು.

ನೀವು ಈಗಾಗಲೇ ನಗುತ್ತಿದ್ದೀರಿ ಎಂದು ಗೊತ್ತು. ನಗಿ. ಬೇವಿನ ರೆಂಬೆಯ ನೆರಳು ಕಡಿಸಿದವನಿಗೆ ವಿಭೂತಿಯೂ ನೆರಳೇ ಎಂದು ಹೊಳೆಯಲಿಲ್ಲ. ಧೂಳನ್ನು ಒರೆಸುವವನು ವಿಭೂತಿಯನ್ನು ಒರೆಸುತ್ತಾನೆಯೇ? ಕಣ್ಣಿಗೆ ಒತ್ತಿಕೊಳ್ಳುತ್ತಾನೆ.

ಹೊಳೆದದ್ದು ಬೇರೆ. ಹೊನ್ನೂರಪ್ಪ ಮಧ್ಯಾಹ್ನ ಆ ಬಂಡೆಯ ನೆರಳಿನಲ್ಲೇ ಬುತ್ತಿ ಬಿಚ್ಚುತ್ತಿದ್ದ. ಮೂರು ದಿನಕ್ಕೊಮ್ಮೆ ಮನೆ ಕಾಣುವ ಮನುಷ್ಯ, ಆದರೆ ಅವನ ಫೋನು ಮಾತ್ರ ಯಾವಾಗಲೂ ತುಂಬಿರುತ್ತಿತ್ತು. ಈ ಗುಡ್ಡದಲ್ಲಿ ಕರೆಂಟು ಇರುವುದು ನನ್ನ ಹಗೇವಿನಲ್ಲಿ ಮಾತ್ರ. ಮೇಲಾಗಿ ಫೋಟೋ ನಿಂತರೆ ಲಾಭ ಯಾರಿಗೆ? ಕುರಿಯವರಿಗೆ. ಎರಡಕ್ಕೆ ಎರಡು ಕೂಡಿಸಿದೆ, ನಾಲ್ಕಾಯಿತು. ಅವನನ್ನು ಒಂದು ಮಾತು ಕೇಳಲಿಲ್ಲ. ಕುರಿಗಾಹಿಯೊಬ್ಬ ಬ್ಯಾಟರಿಗೆ ಕೈ ಹಾಕಿರುವ ಅನುಮಾನವಿದೆ ಎಂದು ಅವನ ಹೆಸರು ಸಮೇತ ಮೇಡಂಗೆ ಬರೆದು ಕಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ.

ಆ ಕಾಗದ ಬೆಂಕಿಯಾಯಿತು. ಗುಡ್ಡ ಮುಚ್ಚಬೇಕು ಎನ್ನುತ್ತಿದ್ದವರಿಗೆ ಅದೇ ಸಾಕಾಯಿತು. ಕಳ್ಳತನ ಮಾಡುವವರ ಮಾತು ಏನು ಕೇಳುವುದು, ಫೋಟೋ ಇಲ್ಲದೆಯೇ ತೀರ್ಮಾನ ಮಾಡೋಣ ಎಂದರು. ಊರಿನ ಪಂಚಾಯಿತಿ ಕಚೇರಿಯಲ್ಲಿ ಸಭೆ ಗೊತ್ತಾಯಿತು. ನಾನು ಒಳಗೊಳಗೇ ಬೀಗಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಬೀಗಿದ್ದು ನಿಜ.

ಸಭೆಯ ಹಿಂದಿನ ದಿನ ಸೋಮವಾರ. ಬ್ಯಾಟರಿ ಹೊತ್ತು ಮೇಲೆ ಹೋದರೆ ಹೊನ್ನೂರಪ್ಪ ಬಂಡೆಯ ಕೆಳಗೆ ಕೂತಿದ್ದ. ನಾನು ಮುಖ ತಿರುಗಿಸಿಕೊಂಡು ಕೆಲಸ ಮಾಡಿದೆ. ಕೊನೆಗೆ ವಿಭೂತಿ ಗಟ್ಟಿ ತೆಗೆದೆ. ಅವನು ಎದ್ದು ಬಂದ. ತಲೆ ಮೇಲಿನ ಕಂಬಳಿ ಸರಿಸಿ ಜೋಳಿಗೆಯಿಂದ ಏನೋ ತೆಗೆದ. ಅಂಗೈ ಎರಡರಷ್ಟು ಅಗಲದ ಒಂದು ಸೋಲಾರ್ ತಟ್ಟೆ, ಅದಕ್ಕೆ ಫೋನಿನ ವೈರು.

"ಇದು ನಮ್ಮದ್ರಿ. ಕತ್ತಿ ಮ್ಯಾಲೆ ಕಟ್ಟಿರ್ತೀನಿ, ಫೋನು ಟಾರ್ಚು ಎಲ್ಲಾ ಇದರಾಗ ತುಂಬ್ತೈತಿ. ಒಂದು ಕಾಗಿ ಹಿಕ್ಕಿ ಬಿದ್ರೂ ತುಂಬಂಗಿಲ್ರಿ. ಅದಕ್ಕ ದಿನಾ ಕಂಬಳಿ ತುದೀಲೆ ಒರಸ್ತೀನಿ" ಎಂದ. ಆಮೇಲೆ ನನ್ನ ತಟ್ಟೆಯ ಕಡೆ ಗಲ್ಲ ಎತ್ತಿ ತೋರಿಸಿದ. "ನೀವು ವಾರಕ್ಕ ಮೂರು ಪಟ್ಟಿ ಬಳೀತೀರಿ."

ಕತ್ತಿ ಎಂದರೆ ಅವರ ಕಡೆ ಕತ್ತೆ, ಸಾಮಾನು ಹೊರುವುದು. ನನ್ನ ಕೈಯಲ್ಲಿ ವಿಭೂತಿ ಗಟ್ಟಿ ಹಾಗೇ ನಿಂತಿತು. ಮೀಟರು ಹಚ್ಚಿ ನೋಡಿದೆ. ಸುಡುವ ಬಿಸಿಲು, ಆದರೂ ತಟ್ಟೆಯಿಂದ ಬರುತ್ತಿದ್ದ ಕರೆಂಟು ಇದ್ದೂ ಇಲ್ಲದಂತೆ. ಹೆಗಲ ಮೇಲಿನ ಟವೆಲು ಒದ್ದೆ ಮಾಡಿ ಒರೆಸಿದೆ. ಐದು ವಾರದ ಭಕ್ತಿ, ಗಾರೆಯ ಹಾಗೆ ಕಚ್ಚಿಕೊಂಡಿತ್ತು. ಒಣಗಿದ ಚೆಂಡುಹೂ ಕಿತ್ತೆಸೆದೆ. ಮೀಟರಿನ ಅಂಕಿ ಒಂದೇ ಸಲಕ್ಕೆ ಹತ್ತರಷ್ಟಾಯಿತು.

ತಟ್ಟೆಯೊಳಗಿನ ಚೌಕಗಳು ಕಾಲುದಾರಿಯಲ್ಲಿ ಒಂದರ ಹಿಂದೊಂದು ಹೋಗುವ ಕುರಿಗಳಿದ್ದಂತೆ. ಒಂದು ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. ಹೊಸಬರು ಇದೊಂದು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ದೇವರ ವಿಭೂತಿ ಒರಸ್ರಿ ಅಂತ ಶಿವಭಕ್ತರಿಗೆ ನಾನು ಹೆಂಗ ಹೇಳ್ಲಿರಿ? ನಿಮಗ ಗೊತ್ತಿರ್ತೈತಿ, ಏನೋ ಹರಕಿ ಇರಬಕು ಅಂದ್ಕೊಂಡೆ. ಈಗ ಹೇಳಿದ್ದು ಯಾಕಂದ್ರ, ನಾಳೆ ನನ್ನ ಕುರಿ ಗುಡ್ಡ ಇಳಿಯದೈತಿ."

ಕಾಗದದ ವಿಷಯ ಅವನಿಗೆ ಗೊತ್ತಿತ್ತು. ಕುರಿಗಳ ಹಿಂದೆ ಹೊರಟುಹೋದ.

ಆಟೋದಲ್ಲಿ ಕುಳಿತು ಬರುವಾಗ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ತಟ್ಟೆ ಈಗ ಸ್ವಚ್ಛವಾಗಿದೆ, ಸಾಕ್ಷಿ ಯಾರೂ ಇಲ್ಲ. ಮೋಡವಿತ್ತು, ಚಾರ್ಜಾಗಲಿಲ್ಲ ಎಂದರೆ ಮೇಡಂ ನಂಬುತ್ತಾರೆ. ಹೊನ್ನೂರಪ್ಪನ ಮಾತು ಯಾರೂ ನಂಬುವುದಿಲ್ಲ. ನಿವೃತ್ತಿಗೆ ಎರಡು ವರ್ಷವಿದೆ, ಈ ವಯಸ್ಸಿನಲ್ಲಿ ನಗೆಪಾಟಲಾಗಬೇಕೆ? ಮನೆಗೆ ಬಂದು ಊಟಕ್ಕೆ ಕುಳಿತಾಗ ಮನೆಯಾಕೆಗೆ ಹೇಳಿದೆ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, ಆ ಮನುಷ್ಯನ ಮೇಲೆ ಕಳ್ಳತನ ಹೊರಿಸಿ ನೀವು ಹಣೆಗೆ ವಿಭೂತಿ ಹೆಂಗ ಹಚ್ಚಿಕೊಂತೀರಿ ಎಂದು ಕೇಳಿ, ಸಾರು ಬಡಿಸಿದಳು.

ಸಭೆಯಲ್ಲಿ ಮೇಡಂ ನನ್ನ ಕಾಗದ ಓದಿದರು. ಹೊನ್ನೂರಪ್ಪ ಗೋಡೆಗೊರಗಿ ನಿಂತಿದ್ದ. ಹೇಳುವುದೇನಾದರೂ ಇದೆಯೇ ಎಂದು ಅವನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಚಿಕ್ಕಂದಿನಿಂದ ಕೇಳಿದ್ದೆ. ಅವತ್ತು ನನ್ನ ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು. ಅದರ ಅಂಚಿನಲ್ಲಿ ಇನ್ನೂ ಬೂದಿ ಇತ್ತು.

ಎದ್ದು ನಿಂತು, ಕಳ್ಳ ಅವನಲ್ಲ, ನಾನು ಎಂದೆ. ಆಯುಧಪೂಜೆಯಿಂದ ಹಿಡಿದು ಕೊನೆಯ ಸೋಮವಾರದವರೆಗೆ, ಯಾವ ವಾರ ಎಷ್ಟು ದಪ್ಪಗೆ ಎಳೆದೆ ಎಂಬುದನ್ನೂ ಬಿಡದೆ ಹೇಳಿದೆ. ಟವೆಲು ಬಿಚ್ಚಿ ಮೇಜಿನ ಮೇಲಿಟ್ಟೆ. ಎಲ್ಲರೂ ಕಚೇರಿಯ ತಗಡು ಅದುರುವ ಹಾಗೆ ನಕ್ಕರು. ಹಿಂದಿನಿಂದ ಯಾರೋ, ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಬಿಡ್ರಿ ಎಂದರು. ಸೂರ್ಯದೇವರು ಕೊಟ್ಟದ್ದನ್ನು ಪೂಜಾರಿಯಾದ ನಾನು ತಡೆದದ್ದು ನಿಜವೇ ಆಗಿತ್ತು. ಮೇಡಂ ನನ್ನ ಕಾಗದವನ್ನು ಮಡಚಿಟ್ಟರು. ಆಮೇಲೆ ಕನ್ನಡದಲ್ಲಿ ಮಾತಾಡಿದರು, ಅಂದರೆ ಸಿಟ್ಟು ಬಂದಿತ್ತು. ನನ್ನ ಲೆಕ್ಕ ನಲವತ್ತರಿಂದ ನಾಲ್ಕಕ್ಕೆ ಇಳಿದಾಗ ಬ್ಯಾಟರಿ ಮಾತ್ರ ಸತ್ತಿತ್ತು, ನಿಮ್ಮ ಲೆಕ್ಕಕ್ಕೆ ಒಬ್ಬ ಮನುಷ್ಯನ ಹೆಸರು ಸಾಯುತ್ತಿತ್ತು ಎಂದರು. ನಾನು ತಿರುಗಿ ತಮಾಷೆ ಮಾಡಲಿಲ್ಲ.

ತೀರ್ಮಾನ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷದ ಫೋಟೋಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಗುಡ್ಡ ಚಿಗುರಿತು, ಕುರಿಗಳು ಮೇದ ಮೇಲೂ ಚಿಗುರಿತು. ದಿನವೂ ತುಳಿಯುವ ದಾರಿಗಳು ಮಾತ್ರ ಬೋಳಾಗಿದ್ದವು. ಮೊದಲ ಮಳೆಯ ಮೇಲೆ ಎರಡು ತಿಂಗಳು ಕುರಿ ಹತ್ತಿಸಬಾರದು, ಉಳಿದಂತೆ ಗುಡ್ಡ ಅವರದೇ ಎಂದು ಒಪ್ಪಂದವಾಯಿತು. ಹೊನ್ನೂರಪ್ಪನ ಕುರಿ ಇಳಿಯಲಿಲ್ಲ.

ಅವತ್ತಿನ ಸಭೆಯಲ್ಲಿ ಇನ್ನೊಂದು ನಡೆದಿತ್ತು. ಸುಳ್ಳು ಹೊರಿಸಿದವನಿಗೆ ಏನು ದಂಡ ಎಂದು ಹಿರಿಯರು ಹೊನ್ನೂರಪ್ಪನನ್ನೇ ಕೇಳಿದರು. ಅವನು ಮೀಸೆಯೊಳಗೆ ನಕ್ಕು, ಪ್ರತಿ ಆಯುಧಪೂಜೆಗೆ ಗುಡ್ಡ ಹತ್ತಿ ಬಂದು ತಟ್ಟೆ ಒರೆಸಲಿ, ಅದೂ ಹೆಗಲ ಟವೆಲಿನಲ್ಲಿ, ಸಾಕು ಎಂದ.

ಈಗ ಕೆಲಸ ಸುಲಭವಾಗಿದೆ. ಹಗುರವಾದ ಲಿಥಿಯಂ ಬ್ಯಾಟರಿ ಬಂದಿದೆ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಎಷ್ಟು ವೋಲ್ಟು ಉಳಿದಿದೆ ಎಂದು ತಾನೇ ನಮ್ಮ ಫೋನಿಗೆ ಮೆಸೇಜು ಕಳಿಸುತ್ತದೆ. ಗುಮ್ಮಘಟ್ಟದ ಆ ಕ್ಯಾಮೆರಾ, ಕಂಬ, ತಟ್ಟೆ ಎಲ್ಲ ಇಳಿಸಿ ಎಷ್ಟೋ ಕಾಲವಾಯಿತು. ನಾನೂ ಇಳಿದೆ. ಆದರೆ ದಂಡ ತೀರುವ ಲಕ್ಷಣವಿಲ್ಲ. ಆಯುಧಪೂಜೆಯ ದಿನ ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡು ಈಗಲೂ ಹೋಗುತ್ತೇನೆ. ಅಲ್ಲಿ ಒರೆಸಲು ಉಳಿದಿರುವುದು ಕತ್ತೆಯ ಬೆನ್ನಿನ ಮೇಲಿನ ಆ ಎರಡಂಗೈ ಅಗಲದ ತಟ್ಟೆ ಒಂದೇ. ಹೆಗಲ ಟವೆಲು ತೆಗೆದು ಮೂಲೆ ಮೂಲೆ ಒರೆಸುತ್ತೇನೆ. ಹೊನ್ನೂರಪ್ಪ ಮೇಸ್ತ್ರಿಯ ಹಾಗೆ ಬಗ್ಗಿ ಪರೀಕ್ಷೆ ಮಾಡುತ್ತಾನೆ. ಆಮೇಲೆ ನನ್ನ ಕೈಯಿಂದ ವಿಭೂತಿ ಗಟ್ಟಿ ಇಸಿದುಕೊಂಡು, ನನ್ನ ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ದಪ್ಪಗೆ ಮೂರು ಪಟ್ಟಿ ಎಳೆಯುತ್ತಾನೆ.

"ಇಲ್ಲಿ ಎಷ್ಟರ ಹಚ್ರಿ ಸಾರ್, ನಷ್ಟ ಇಲ್ಲ" ಎನ್ನುತ್ತಾನೆ. "ಇಲ್ಲಿ ಮೊದಲಿಂದನ ಚಾರ್ಜ್ ಕಮ್ಮಿ."